ತುಂಗಭದ್ರೆಯ ಬಯಲಿನಲ್ಲಿ ವಿಶ್ವವಿದ್ಯಾಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ನನ್ನ ಮೊಬೈಲ್ ಸುಮ್ಮನಿರುವುದಿಲ್ಲ. ಸಿರುಗುಪ್ಪ ಭಾಗದ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವವನು ನಾನು. ನದಿಯ ಈಚೆ ಬಳ್ಳಾರಿ ಜಿಲ್ಲೆ, ಆಚೆ ರಾಯಚೂರು ಮತ್ತು ಕೊಪ್ಪಳ. ಮೂರೂ ಕಡೆಯಿಂದ ಕರೆಗಳು ಬರುತ್ತವೆ. ಕೇಳುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಕ್ಕಳು, ಇಲ್ಲವೇ ಅವರ ತಂದೆತಾಯಿ. ಅದೇ ಪ್ರಶ್ನೆಗಳಿಗೆ ಪ್ರತಿ ವರ್ಷ ಬಾಯಿಮಾತಿನಲ್ಲಿ ಕೊಡುತ್ತಿದ್ದ ಉತ್ತರಗಳನ್ನು ಈ ಸಲ ಬರೆದಿಟ್ಟಿದ್ದೇನೆ. ಶುಲ್ಕ, ಕೊನೆಯ ದಿನಾಂಕಗಳು ವರ್ಷ ವರ್ಷವೂ ಬದಲಾಗುತ್ತವೆ. ಅವನ್ನು ಆಯಾ ಕಾಲೇಜಿನ ಸೂಚನಾ ಫಲಕದಲ್ಲಿಯೇ ನೋಡಿಕೊಳ್ಳಬೇಕು.

ನಮ್ಮ ಊರಿನ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರುತ್ತದೆ?

ಜಿಲ್ಲೆ ನೋಡಿದರೆ ಸಾಕು. ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಕಲಾ, ವಾಣಿಜ್ಯ, ವಿಜ್ಞಾನ ಪದವಿ ಕಾಲೇಜುಗಳು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಇದು 2010ರಲ್ಲಿ ಸ್ಥಾಪನೆಯಾಯಿತು. ಕೊಪ್ಪಳ ಜಿಲ್ಲೆಯೂ ಮೊದಲು ಇದರ ಜೊತೆಯಲ್ಲೇ ಇತ್ತು. 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಬೇರೆಯಾಗಿ ಆರಂಭವಾಯಿತು. ಅದರ ಕೇಂದ್ರ ಕುಕನೂರು ತಾಲ್ಲೂಕಿನ ತಳಕಲ್‌ನಲ್ಲಿದೆ. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗೆ ಯರಗೇರಾ ಬಳಿಯ ರಾಯಚೂರು ವಿಶ್ವವಿದ್ಯಾಲಯ. ಅದಕ್ಕೆ ಈಗ ಆದಿಕವಿ ಮಹರ್ಷಿ ವಾಲ್ಮೀಕಿಯವರ ಹೆಸರಿಡಲಾಗಿದೆ.

ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಬೇರೆ ಲೆಕ್ಕ. ಎಂಜಿನಿಯರಿಂಗ್‌ಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ವೈದ್ಯಕೀಯಕ್ಕೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕೃಷಿಯ ವಿಚಾರ ಮುಂದೆ ಬರುತ್ತದೆ.

ಅಪ್ಪನ ಪದವಿ ಅಂಕಪಟ್ಟಿ ಕಳೆದುಹೋಗಿದೆ. ಬಳ್ಳಾರಿಯಲ್ಲಿ ಕೇಳಿದರೆ ಇಲ್ಲ ಎನ್ನುತ್ತಾರೆ. ಎಲ್ಲಿಗೆ ಹೋಗಬೇಕು?

ಅವರು ಓದಿದ ವರ್ಷ ಹೇಳಿದರೆ ಉತ್ತರ ಸಿಗುತ್ತದೆ. 2010ಕ್ಕೆ ಮೊದಲು ಬಳ್ಳಾರಿ, ಕೊಪ್ಪಳದ ಕಾಲೇಜುಗಳು ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿದ್ದವು. ರಾಯಚೂರಿನವು ಇತ್ತೀಚಿನವರೆಗೂ ಅಲ್ಲಿಯೇ ಇದ್ದವು. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಅದಕ್ಕೂ ಹಿಂದಿನವರ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಜೆರಾಕ್ಸ್ ಪ್ರತಿಯೊಂದಾದರೂ ಉಳಿದಿದ್ದರೆ ಅದರ ನೆತ್ತಿಯ ಮೇಲೆ ಯಾವ ಹೆಸರು ಅಚ್ಚಾಗಿದೆಯೋ ಅಲ್ಲಿನ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಅರ್ಜಿ ಹಾಕಬೇಕು. ಪೊಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಸ್ವೀಕೃತಿ ಮತ್ತು ನೋಂದಣಿ ಸಂಖ್ಯೆ ಜೊತೆಗಿರಲಿ. ಸಂಖ್ಯೆ ನೆನಪಿಲ್ಲದಿದ್ದರೆ ಓದಿದ ಕಾಲೇಜಿನ ಹಳೆಯ ಪ್ರವೇಶ ದಾಖಲೆಯಲ್ಲಿ ಸಿಗುತ್ತದೆ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಜ್ಜನ ಪದವಿ ಧಾರವಾಡದ್ದು, ಮಗನದು ಗುಲಬರ್ಗಾದ್ದು, ಮೊಮ್ಮಗಳದು ಬಳ್ಳಾರಿಯದು. ಮೂರನ್ನೂ ಒಂದೇ ಗೋಡೆಗೆ ತೂಗುಹಾಕಿದ್ದಾರೆ. ಅಜ್ಜ ಪರೀಕ್ಷೆಯ ಕೆಲಸಕ್ಕೆ ಧಾರವಾಡಕ್ಕೆ ಹೋಗಬೇಕಾದರೆ ಬುತ್ತಿ ಕಟ್ಟಿಕೊಂಡು ಹಿಂದಿನ ರಾತ್ರಿಯೇ ಹೊರಡುತ್ತಿದ್ದರಂತೆ. ಮೊಮ್ಮಗಳು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಅಜ್ಜನ ಕಾಲದಲ್ಲಿ ಆ ಮನೆಯ ಹೆಣ್ಣುಮಕ್ಕಳಲ್ಲಿ ಯಾರೂ ಹೈಸ್ಕೂಲು ದಾಟಲಿಲ್ಲ.

ಇಲ್ಲಿ ಓದಿದರೆ ಆ ಪದವಿಗೆ ಬೆಲೆ ಇದೆಯೇ? ಬೆಂಗಳೂರಿಗೋ ಧಾರವಾಡಕ್ಕೋ ಕಳುಹಿಸುವುದು ಒಳ್ಳೆಯದಲ್ಲವೇ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಕಾನೂನಿನ ಉತ್ತರ ಚಿಕ್ಕದು. ಇವೆಲ್ಲ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಅಡಿಯಲ್ಲಿ ಬರುತ್ತವೆ. ರಾಜ್ಯಪಾಲರೇ ಕುಲಾಧಿಪತಿಗಳು. ಕೆಪಿಎಸ್‌ಸಿ, ಬ್ಯಾಂಕ್, ಯುಪಿಎಸ್‌ಸಿ, ಶಿಕ್ಷಕರ ನೇಮಕಾತಿ ಎಲ್ಲದಕ್ಕೂ ಇಲ್ಲಿನ ಪದವಿ ಬೇರೆ ಯಾವ ಸರ್ಕಾರಿ ವಿಶ್ವವಿದ್ಯಾಲಯದ ಪದವಿಗೂ ಸಮ.

ಕಲಿಕೆಯ ಉತ್ತರ ಅಷ್ಟು ಸುಲಭವಲ್ಲ, ಅದನ್ನು ಮುಚ್ಚಿಡಲಾರೆ. ಹೊಸ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಪ್ರಾಧ್ಯಾಪಕರು ಕಡಿಮೆ, ಅತಿಥಿ ಉಪನ್ಯಾಸಕರೇ ಹೆಚ್ಚು. ಕೆಲವು ಕಡೆ ಪ್ರಯೋಗಾಲಯ ಇನ್ನೂ ಹೆಸರಿಗಷ್ಟೇ ಇದೆ. ಆದ್ದರಿಂದ ಸೇರುವ ಮೊದಲು ಒಂದು ದಿನ ಖುದ್ದಾಗಿ ಹೋಗಿ ನೋಡಿ. ಗ್ರಂಥಾಲಯದಲ್ಲಿ ಕುಳಿತು ಓದಲು ಕುರ್ಚಿಗಳಿವೆಯೇ, ಹಿಂದಿನ ಸೆಮಿಸ್ಟರ್‌ನ ಫಲಿತಾಂಶ ಎಷ್ಟು ತಿಂಗಳಿಗೆ ಬಂತು, ನಿಮ್ಮ ವಿಷಯಕ್ಕೆ ಎಷ್ಟು ಅಧ್ಯಾಪಕರಿದ್ದಾರೆ ಎಂದು ಎರಡನೆಯ ವರ್ಷದ ವಿದ್ಯಾರ್ಥಿಗಳನ್ನೇ ಕೇಳಿ. ಅವರು ಸುಳ್ಳು ಹೇಳುವುದಿಲ್ಲ.

ಇಷ್ಟು ಹೇಳಿಯೂ ಹತ್ತಿರದ ವಿಶ್ವವಿದ್ಯಾಲಯದ ಪರವಾಗಿಯೇ ನಾನು ನಿಲ್ಲುತ್ತೇನೆ. ಬೆಂಗಳೂರಿನ ಪಿಜಿ ಕೋಣೆಯ ಬಾಡಿಗೆಗಾಗಿ ಎಮ್ಮೆ ಮಾರಿದ ಮನೆಗಳನ್ನು ನೋಡಿದ್ದೇನೆ. ಹಾಗೆ ಹೋದ ಹುಡುಗ ಮೊದಲ ಸೆಮಿಸ್ಟರ್‌ನಲ್ಲಿಯೇ ಸಂಜೆ ಕೆಲಸಕ್ಕೆ ಸೇರಿ, ಎರಡನೆಯದರಲ್ಲಿ ಓದು ಬಿಟ್ಟದ್ದನ್ನೂ ನೋಡಿದ್ದೇನೆ. ಮನೆಯ ಊಟ ಉಂಡು, ಉಳಿದ ಹಣದಲ್ಲಿ ಪುಸ್ತಕ ಕೊಂಡು ಇಲ್ಲಿ ಮನಸ್ಸಿಟ್ಟು ಓದಿದವರು ಮುಂದೆ ಸ್ನಾತಕೋತ್ತರಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು. ಇಲ್ಲಿ ಕೊರತೆಯಿದ್ದರೆ ಕೇಳುವ ಹಕ್ಕೂ ನಮ್ಮದೇ.

ಕೊಪ್ಪಳ ವಿಶ್ವವಿದ್ಯಾಲಯವನ್ನು ಮುಚ್ಚುತ್ತಾರಂತೆ. ನನ್ನ ಮಗಳ ಪದವಿ ಏನಾಗುತ್ತದೆ?

2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಮಾತೃ ವಿಶ್ವವಿದ್ಯಾಲಯಗಳಿಗೆ ಸೇರಿಸುವ ಮಾತು ಎತ್ತಿತು. ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಹಣವಿಲ್ಲ, ಜಾಗವಿಲ್ಲ, ಸಿಬ್ಬಂದಿಯಿಲ್ಲ ಎಂಬುದು ಕೊಟ್ಟ ಕಾರಣ. ಅಂದಿನಿಂದ ಪೋಷಕರ ಆತಂಕ ಇಳಿದಿಲ್ಲ.

ಪದವಿಯ ಬಗ್ಗೆ ಭಯ ಬೇಡ. ಕಾನೂನುಬದ್ಧವಾಗಿ ನಡೆಯುವ ವಿಶ್ವವಿದ್ಯಾಲಯ ಕೊಟ್ಟ ಅಂಕಪಟ್ಟಿ ಮುಂದೆ ಯಾವ ಬದಲಾವಣೆಯಾದರೂ ಅಸಿಂಧುವಾಗುವುದಿಲ್ಲ. ಗುಲಬರ್ಗಾದಿಂದ ಬಳ್ಳಾರಿ ಬೇರೆಯಾದಾಗಲೂ ಹಳಬರ ಪದವಿಗಳಿಗೆ ಏನೂ ಆಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹಣ ಕೊಡದೆ ಸ್ಥಾಪಿಸಿ, ಸೊರಗಿದೆ ಎಂದು ಮುಚ್ಚುವುದು ಸರಿಯಲ್ಲ. ನೇಮಕಾತಿ ಮಾಡಿ, ಅನುದಾನ ಕೊಟ್ಟು, ಆಮೇಲೆ ಅಳೆಯಲಿ.

ಪದವಿ ಮೂರು ವರ್ಷವೋ, ನಾಲ್ಕೋ?

ಈಗ ಮೂರು ವರ್ಷ, ಆರು ಸೆಮಿಸ್ಟರ್. 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ವ್ಯವಸ್ಥೆ ಇತ್ತು. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷಕ್ಕೆ ಮರಳಿತು. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಯು.ಯು.ಸಿ.ಎಂ.ಎಸ್. ಜಾಲತಾಣದಲ್ಲಿ ನಡೆಯುತ್ತವೆ. ಅಲ್ಲಿ ಕೊಡುವ ಮೊಬೈಲ್ ಸಂಖ್ಯೆ ನಿಮ್ಮದೇ ಆಗಿರಲಿ. ಸೈಬರ್ ಅಂಗಡಿಯವರ ಸಂಖ್ಯೆ ಕೊಟ್ಟು, ಒಟಿಪಿಗಾಗಿ ಅಂಗಡಿಯ ಬಾಗಿಲು ತೆರೆಯುವುದನ್ನು ಕಾಯುತ್ತ ಕುಳಿತ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

371(ಜೆ) ಎಂದರೇನು? ಅದರಿಂದ ನಮಗೇನು ಲಾಭ?

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಸಂವಿಧಾನ ಕೊಟ್ಟ ವಿಶೇಷ ಸ್ಥಾನಮಾನ ಅದು. 98ನೇ ತಿದ್ದುಪಡಿಯ ಮೂಲಕ ಬಂದು, 2013ರಿಂದ ಜಾರಿಯಲ್ಲಿದೆ. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟು, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಮೀಸಲು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ವೃಂದಕ್ಕೆ ಶೇ 75, ಸಿ ವೃಂದಕ್ಕೆ ಶೇ 80, ಡಿ ವೃಂದಕ್ಕೆ ಶೇ 85.

ಇದನ್ನು ಪಡೆಯಲು ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಜಾತಿ, ಆದಾಯ ಪ್ರಮಾಣಪತ್ರಗಳಷ್ಟು ಬೇಗ ಇದು ಕೈಗೆ ಬರುವುದಿಲ್ಲ. ಸಿಇಟಿಗೆ ಅರ್ಜಿ ಹಾಕುವ ವಾರದಲ್ಲಿ ಓಡಾಡಿ ಪ್ರಯೋಜನವಿಲ್ಲ. ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಒಳ್ಳೆಯ ರ‍್ಯಾಂಕ್ ಬಂದಿದ್ದ ಹುಡುಗಿಯೊಬ್ಬಳು ಈ ಒಂದು ಕಾಗದ ಸಮಯಕ್ಕೆ ಸಿಗದೆ ಸೀಟು ಕಳೆದುಕೊಂಡಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ತೊಂದರೆ ಆಗುತ್ತದೆಯೇ?

ಆಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಬುನಾದಿ. ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ಪದವಿಯ ಮೊದಲ ಸೆಮಿಸ್ಟರ್ ಅಂಕಪಟ್ಟಿ ಬಂದ ದಿನವೇ ಅಕ್ಷರ ಅಕ್ಷರ ಬಿಡಿಸಿ ಓದಿ. ತಂದೆಯ ಹೆಸರು ‘ಹುಲುಗಪ್ಪ’ ಎಂದಿರುವಲ್ಲಿ ‘ಹುಲಿಗಪ್ಪ’ ಎಂದಾಗಿ, ಕೆಲಸಕ್ಕೆ ಸೇರುವ ಹೊತ್ತಿನಲ್ಲಿ ಅದು ಕಣ್ಣಿಗೆ ಬಿದ್ದು, ಒಂದು ಗುಣಿಸಿಗಾಗಿ ಮೂರು ತಿಂಗಳು ಅಲೆದ ವಿದ್ಯಾರ್ಥಿ ನನ್ನಲ್ಲಿದ್ದ. ಕೌಂಟರ್‌ನ ಆ ಬದಿಯಲ್ಲಿ ಕುಳಿತವರಿಗೆ ಅದೊಂದು ಅಕ್ಷರ. ಈ ಬದಿಯಲ್ಲಿ ನಿಂತವನಿಗೆ ಅದು ಅಪ್ಪನ ಹೆಸರು.

ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ?

ಕಲಾ ಮತ್ತು ವಾಣಿಜ್ಯ ವಿಷಯಗಳನ್ನು ಧೈರ್ಯವಾಗಿ ಬರೆಯಿರಿ. ವಿಜ್ಞಾನ ಇಂಗ್ಲಿಷ್‌ನಲ್ಲಿಯೇ ನಡೆಯುತ್ತದೆ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳಿದ್ದಾರೆ. ಸಿಂಧನೂರಿನ ಕ್ಯಾಂಪುಗಳ (ಹೊರಗಿನಿಂದ ಬಂದು ನೆಲೆಸಿದವರ ಊರುಗಳ) ಕಡೆ ಬಂಗಾಳಿ ಆಡುವವರೂ ಇದ್ದಾರೆ. ಅವರಿಗೆ ಕನ್ನಡವೇ ಎರಡನೆಯ ನುಡಿ, ಇಂಗ್ಲಿಷ್ ಮೂರನೆಯದು. ನುಡಿ ತಡವರಿಸಿದ ಮಾತ್ರಕ್ಕೆ ಬುದ್ಧಿ ಕಡಿಮೆ ಎಂದು ಯಾರೂ ಭಾವಿಸಬಾರದು, ಮೊದಲಿಗೆ ಆ ಮಗುವೇ ಭಾವಿಸಬಾರದು.

ಓದಿಗೆ ಹಣದ ನೆರವು ಏನೇನಿದೆ?

ಹೆಚ್ಚಿನವಕ್ಕೆ ಬಾಗಿಲು ಒಂದೇ, ರಾಜ್ಯ ವಿದ್ಯಾರ್ಥಿವೇತನ ಜಾಲತಾಣ (ಎಸ್‌ಎಸ್‌ಪಿ). ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಡಿ ಊಟ, ವಸತಿಗೆಂದು ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಹಣ ಕೊಡುವ ವ್ಯವಸ್ಥೆಯಿದೆ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಹಣ ಬಾರದಿರಲು ಹತ್ತರಲ್ಲಿ ಎಂಟು ಸಲ ಅದೇ ಕಾರಣವಾಗಿರುವುದನ್ನು ಕಂಡಿದ್ದೇನೆ.

ಬಸ್ಸಿನ ವಿಚಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಹುಡುಗರು ಸೇವಾಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು. ದೂರದ ಕ್ಯಾಂಪುಗಳಿಂದ ಬರುವ ಹುಡುಗಿಯರ ಸಂಖ್ಯೆ ನನ್ನ ತರಗತಿಯಲ್ಲಿ ಹೆಚ್ಚಾಗಿದೆ. ಬೆಳಗಿನ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ ಎಂಬ ದೂರೂ ಹೆಚ್ಚಾಗಿದೆ. ಇನ್ನೊಂದು ಬಸ್ ಬೇಕು ಎಂದು ಡಿಪೋಗೆ ಗುಂಪಾಗಿ ಹೋಗಿ ಮನವಿ ಕೊಡಿ. ಒಬ್ಬರೇ ಹೋದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ನಾಟಿ ಕಾಲದಲ್ಲಿ ಮಗ ಹೊಲಕ್ಕೆ ಬರಲೇಬೇಕು. ಹಾಜರಾತಿ ಕಡಿಮೆಯಾದರೆ?

ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇದು ನಿಯಮ. ಆದರೆ ಕಾಲುವೆಗೆ ನೀರು ಬಿಟ್ಟ ವಾರದಲ್ಲಿ ನಮ್ಮ ತರಗತಿಯ ಅರ್ಧ ಬೆಂಚುಗಳು ಖಾಲಿಯಿರುತ್ತವೆ, ಇದೂ ನಿಜ. ತುಂಗಭದ್ರಾ ಜಲಾಶಯದ ನೀರಿನ ಲೆಕ್ಕಕ್ಕೂ ವಿಶ್ವವಿದ್ಯಾಲಯದ ವೇಳಾಪಟ್ಟಿಗೂ ಸಂಬಂಧವೇ ಇಲ್ಲದಂತೆ ಎರಡೂ ನಡೆಯುತ್ತವೆ. ನದಿಯ ಬಯಲಿನ ವಿಶ್ವವಿದ್ಯಾಲಯ ತನ್ನ ಕ್ಯಾಲೆಂಡರನ್ನು ನೀರಾವರಿ ಸಲಹಾ ಸಮಿತಿಯ ತೀರ್ಮಾನ ನೋಡಿಕೊಂಡು ಹಾಕಿಕೊಳ್ಳಬೇಕು ಎಂಬುದು ನನ್ನ ಬಹುದಿನದ ಆಸೆ.

ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯ ಒಣಭೂಮಿಯ ಊರುಗಳ ಪಾಡು ಇನ್ನೂ ಕಷ್ಟ. ಸುಗ್ಗಿ ಮುಗಿದ ಮೇಲೆ ಇಡೀ ಮನೆ ಗುಳೆ ಹೊರಡುತ್ತದೆ, ಓದುವ ಹುಡುಗನೂ ಜೊತೆಗೆ ಹೋಗುತ್ತಾನೆ. ಹಾಗಾಗುವುದಿದ್ದರೆ ಹೊರಡುವ ಮೊದಲು ಪ್ರಾಚಾರ್ಯರಿಗೆ ಬರಹದಲ್ಲಿ ತಿಳಿಸಿ. ಮಗನನ್ನು ಹಾಸ್ಟೆಲ್‌ನಲ್ಲಿ ಬಿಟ್ಟು ಹೋಗಲು ಆಗುತ್ತದೆಯೇ ಎಂದು ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಹೇಳದೆ ಹೋದವನ ಹೆಸರು ಪಟ್ಟಿಯಿಂದ ಹೋಗುತ್ತದೆ, ಹೇಳಿ ಹೋದವನಿಗೆ ದಾರಿ ಹುಡುಕಲು ನಮಗೂ ಅವಕಾಶವಿರುತ್ತದೆ.

ಪರೀಕ್ಷೆಯ ದಿನ ಕಂಪ್ಲಿ ಸೇತುವೆ ಮುಳುಗಿದರೆ?

ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಇಲ್ಲಿಯವರಿಗೆ ಹೊಸದಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಬಯಲು ನಿದ್ದೆಗೆಟ್ಟಿತ್ತು. ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೇಲೆ ಸುತ್ತು ಹಾಕಿ ಬರಬಹುದು, ಆದರೆ ಹೊತ್ತು ಹಿಡಿಯುತ್ತದೆ. ಮಳೆಗಾಲದ ಪರೀಕ್ಷೆಯಿದ್ದರೆ ಹಿಂದಿನ ದಿನವೇ ಈ ದಡಕ್ಕೆ ಬಂದು ಗೆಳೆಯರ ಮನೆಯಲ್ಲಿ ಉಳಿಯಿರಿ. ನೆರೆಯಿಂದ ತಪ್ಪಿಸಿಕೊಂಡರೆ ಅಂದೇ ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಫೋನ್ ಮಾಡಿ, ಮರುದಿನ ಅರ್ಜಿ ಕೊಡಿ.

ಬಿಎಸ್‌ಸಿ ಅಗ್ರಿ ಓದಬೇಕು. ಬಳ್ಳಾರಿ ವಿಶ್ವವಿದ್ಯಾಲಯದಲ್ಲಿ ಇದೆಯೇ?

ಅಲ್ಲಿಲ್ಲ. ಅದಕ್ಕೆ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ. ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2008ರಲ್ಲಿ ಸ್ಥಾಪನೆಯಾಯಿತು. ಬೀದರ್‌ನಿಂದ ಬಳ್ಳಾರಿಯವರೆಗೆ ಇಡೀ ಕಲ್ಯಾಣ ಕರ್ನಾಟಕ ಅದರ ವ್ಯಾಪ್ತಿ. ರಾಯಚೂರು, ಕಲಬುರಗಿ, ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜುಗಳಿವೆ. ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೂ ಇದೆ. ಪಿಯುಸಿ ವಿಜ್ಞಾನ ಓದಿ ಸಿಇಟಿ ಬರೆಯಬೇಕು, ಓದು ನಾಲ್ಕು ವರ್ಷ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಬೀಜ, ಗೊಬ್ಬರ, ಸಲಕರಣೆಗಳ ಗುರುತು ಕೇಳುತ್ತಾರೆ. ಹೊಲದಲ್ಲಿ ಬೆಳೆದ ಮಕ್ಕಳಿಗೆ ಅದು ಬದುಕಿನ ಪಾಠವೇ.

ನಾನು ವಿದ್ಯಾರ್ಥಿಯಲ್ಲ, ರೈತ. ವಿಶ್ವವಿದ್ಯಾಲಯದಿಂದ ನನಗೇನು?

ಕಾಲುವೆಯ ನೀರು ಬಂದ ಎರೆಭೂಮಿಯಲ್ಲಿ ವರ್ಷಾನುಗಟ್ಟಲೆ ಭತ್ತ ಬೆಳೆದು, ಬಸಿಯಲು ದಾರಿಯಿಲ್ಲದ ನೀರು ನಿಂತು, ನೆಲ ಉಪ್ಪೇರಿ ಸವಳಾಗಿದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಎಷ್ಟೋ ಹೊಲಗಳಲ್ಲಿ ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಹುಡಿ ಏಳುತ್ತದೆ. ಅಂಗೈಗೆ ತೆಗೆದುಕೊಂಡು ಉಜ್ಜಿದರೆ ಸುಣ್ಣದಂತೆ ಬೆರಳಿಗೆ ಅಂಟುತ್ತದೆ. ಈ ಸಮಸ್ಯೆಯ ಮೇಲೆಯೇ ಕೆಲಸ ಮಾಡುವ ಸಂಶೋಧನಾ ಕೇಂದ್ರ ಗಂಗಾವತಿಯಲ್ಲಿದೆ, ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯದ್ದು. ನೆಲದಡಿ ಕೊಳವೆ ಹಾಕಿ ಬಸಿಗಾಲುವೆ ಮಾಡುವುದು, ಕ್ಷಾರ ಹೆಚ್ಚಿದ್ದರೆ ಜಿಪ್ಸಂ ಹಾಕುವುದು, ಸವಳು ತಾಳುವ ತಳಿ ಆರಿಸುವುದು ಇವನ್ನೆಲ್ಲ ಅಲ್ಲಿ ವಿಚಾರಿಸಬಹುದು. ಸವಳಿಗೂ ಕ್ಷಾರಕ್ಕೂ ಮದ್ದು ಬೇರೆ ಬೇರೆ. ಪರೀಕ್ಷೆ ಮಾಡಿಸದೆ ಪಕ್ಕದ ಹೊಲದವರು ಹಾಕಿದರೆಂದು ಜಿಪ್ಸಂ ಚೆಲ್ಲಿದರೆ ಹಣ ಮಣ್ಣುಪಾಲು.

ಮಣ್ಣಿನ ಮಾದರಿ ತೆಗೆಯುವಾಗ ಬದುವಿನ ಅಂಚು, ಮರದ ನೆರಳು, ತಿಪ್ಪೆಯ ಜಾಗ ಬಿಡಿ. ಹೊಲದಲ್ಲಿ ಓರೆಕೋರೆಯಾಗಿ ನಡೆದು ಎಂಟು ಹತ್ತು ಕಡೆ ಗೇಣುದ್ದದ ಗುಂಡಿ ತೋಡಿ, ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದಲ್ಲಿ ಮಣ್ಣು ಕೆರೆದುಕೊಳ್ಳಿ. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದು ಚೆಲ್ಲಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ. ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲಕ್ಕೆ ಹಾಕಿ, ಸರ್ವೆ ನಂಬರ್ ಬರೆದ ಚೀಟಿ ಇಡಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತರಬೇಡಿ.

ಸಿರುಗುಪ್ಪ, ಧಡೇಸೂಗೂರು, ಹಗರಿಯಲ್ಲೂ ಈ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿವೆ. ನೆಟೆ ರೋಗ ತಡೆಯುವ ಟಿ.ಎಸ್. 3ಆರ್ ತೊಗರಿ, ಗಂಗಾವತಿ ಸೋನಾ ಭತ್ತ ಇಂಥ ಕೇಂದ್ರಗಳಿಂದಲೇ ಬಂದವು. ಗೇಟಿನಲ್ಲಿ ಕಾವಲುಗಾರ ನಿಂತಿದ್ದಾನೆಂದು ಹಿಂಜರಿಯಬೇಡಿ, ರೈತ ಎಂದು ಹೇಳಿ ಒಳಗೆ ಹೋಗಿ.

ಸ್ನಾತಕೋತ್ತರ, ಪಿಎಚ್‌.ಡಿ.ಗೆ ಇಲ್ಲಿ ಯಾವ ವಿಷಯ ಆರಿಸಿಕೊಳ್ಳಬೇಕು?

ನಿಮ್ಮ ಕಾಲ ಕೆಳಗಿನ ನೆಲ ಏನು ಹೇಳುತ್ತದೆ ಎಂದು ಮೊದಲು ನೋಡಿ. ನದಿಯಾಚೆ, ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲಕ್ಕೆ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ, ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದಲ್ಲಿ ಅಶೋಕನ ಶಾಸನಗಳಿವೆ. ಬಳ್ಳಾರಿ ಪಕ್ಕದ ಸಂಗನಕಲ್ಲು ನವಶಿಲಾಯುಗದ ದೊಡ್ಡ ನೆಲೆ. ಇತಿಹಾಸದ ವಿದ್ಯಾರ್ಥಿ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಕ್ಷೇತ್ರಕಾರ್ಯ ಮುಗಿಸಿ ಬರಬಹುದು. ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆ ಕಲಿಸುತ್ತಾರೆ, ಅದಿರಿನ ಗುಡ್ಡಗಳು ಕಿಟಕಿಯಿಂದಲೇ ಕಾಣುತ್ತವೆ. ಕಾಲುವೆಯ ಕೊನೆಭಾಗದ ರೈತರಿಗೆ ನೀರು ಏಕೆ ತಲುಪುವುದಿಲ್ಲ ಎಂಬುದು ಅರ್ಥಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಸಲ್ಲುವ ವಿಷಯ. 133 ಟಿಎಂಸಿ ಅಡಿಗೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿ ಮಾತ್ರ ಹಿಡಿಯುತ್ತದೆ. ಈ ಒಂದು ವಾಕ್ಯದಲ್ಲಿ ಎಷ್ಟು ಪ್ರಬಂಧಗಳಿಗೆ ಜಾಗವಿದೆ ಯೋಚಿಸಿ.

ಭಾಷೆ, ಸಾಹಿತ್ಯ, ಜಾನಪದ, ಶಾಸನಗಳ ಸಂಶೋಧನೆಗೆ 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಹತ್ತಿರದಲ್ಲೇ ಇದೆ. ಯುಜಿಸಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಎಲ್ಲಿ ಓದಿದರೂ ಅಷ್ಟೇ.

ಮದುವೆಯಾಯಿತು, ಮಗುವಿದೆ. ನಿಂತ ಓದು ಮುಂದುವರಿಸಬಹುದೇ?

ಖಂಡಿತ. ಉಳಿದ ವಿಷಯಗಳಷ್ಟೇ ಇದ್ದರೆ, ನಿಮ್ಮ ತಂಡಕ್ಕೆ ಕೊಟ್ಟಿರುವ ಗರಿಷ್ಠ ಅವಧಿ ಮುಗಿದಿದೆಯೇ ಎಂದು ಕಾಲೇಜಿನಲ್ಲಿ ಕೇಳಿ. ಮುಗಿದಿರದಿದ್ದರೆ ಪರೀಕ್ಷೆ ಕಟ್ಟಬಹುದು. ಮೊದಲಿನಿಂದ ಓದುವುದಾದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ, ಮನೆಯಲ್ಲೇ ಕುಳಿತು ಓದಬಹುದು.

ಕಳೆದ ವರ್ಷ ನಮ್ಮ ಪರೀಕ್ಷಾ ಕೇಂದ್ರಕ್ಕೆ ಒಬ್ಬ ಹೆಣ್ಣುಮಗಳು ಆರು ತಿಂಗಳ ಕೂಸಿನೊಂದಿಗೆ ಬಂದಿದ್ದಳು. ಅತ್ತೆ ಜೊತೆಯಲ್ಲಿದ್ದರು. ಮೂರು ಗಂಟೆ ಆಕೆ ಒಳಗೆ ಬರೆದಳು, ಅತ್ತೆ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ತೂಗಿದರು. ನಡುವೆ ಒಮ್ಮೆ ಕೂಸು ಅತ್ತಾಗ ಮೇಲ್ವಿಚಾರಕಿ ಹೊರಗೆ ಬಂದು, ಹಾಲು ಕುಡಿಸಿ ಬರಲು ಆಕೆಯನ್ನು ಕಳುಹಿಸಿದರು. ನೀವೂ ಹಾಗೆ ಬರುವುದಾದರೆ ಪ್ರವೇಶಪತ್ರ ತೆಗೆದುಕೊಳ್ಳುವ ದಿನವೇ ಕೇಂದ್ರದ ಮುಖ್ಯಸ್ಥರಿಗೆ ತಿಳಿಸಿ, ಬಾಗಿಲ ಹತ್ತಿರದ ಬೆಂಚು ಹಾಕಿಸಿಕೊಡುತ್ತಾರೆ.